ರೋಬೋಟ್ ಕಾರಾಗುವಾಗ ಕೈಗೆ ತಿಳಿಯುವುದು

ಪ್ರಶ್ನೆ: ನಾನು ಜಮಖಂಡಿಯವನು. ಬಾಗಲಕೋಟೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಕಾರು, ಲಾರಿ, ವಿಮಾನವಾಗಿ ಬದಲಾಗುವ ರೋಬೋಟ್ ಆಟಿಕೆ ಅಂದರೆ ಚಿಕ್ಕಂದಿನಿಂದ ಪ್ರಾಣ. ಈಗ ನನ್ನ ಹತ್ತಿರ ಏಳು ಇವೆ. ಒಂದರ ಭುಜದ ಪಿನ್ ಹತ್ತಿರ ಬಿಳಿ ಗೆರೆ ಬಂದಿದೆ, ಹೆದರಿಕೆ ಆಗುತ್ತಿದೆ. ಆನ್‌ಲೈನ್‌ನಲ್ಲಿ ಒಂದೇ ಥರ ಕಾಣುವ ಎರಡು ಆಟಿಕೆ ತರಿಸಿದೆ. ಒಂದಕ್ಕೆ 900 ರೂಪಾಯಿ, ಇನ್ನೊಂದಕ್ಕೆ 3,200. ಅಸಲಿ ಯಾವುದು ಅಂತ ತಿಳಿಯುವುದು ಹೇಗೆ? ಇವುಗಳ ಬಗ್ಗೆ ಕನ್ನಡದಲ್ಲಿ ವಿಮರ್ಶೆ ಬರೆಯುವ ಆಸೆಯೂ ಇದೆ. ಎಲ್ಲಿಂದ ಶುರು ಮಾಡಲಿ? ಮನೆಯಲ್ಲಿ ಮಾತ್ರ "ಇಷ್ಟ ದೊಡ್ಡಾಂವ ಆದ್ರೂ ಇನ್ನೂ ಆಟಿಗಿ ಸಾಮಾನೇನೋ" ಅಂತಾರೆ.

ಉತ್ತರ: ಮೊದಲು ಆ ಬಿಳಿ ಗೆರೆ. ಇವತ್ತಿನಿಂದ ಆ ಭುಜವನ್ನು ತಿರುಗಿಸಬೇಡಿ. ರೋಬೋಟ್ ಈಗ ಯಾವ ರೂಪದಲ್ಲಿದೆಯೋ ಹಾಗೇ ಇರಲಿ.

ನನ್ನ ಕೆಲಸ ಬೆಳಗಾವಿಯ ಉದ್ಯಮಬಾಗದಲ್ಲಿ, ಪ್ಲಾಸ್ಟಿಕ್ ಡೈ, ಅಂದರೆ ಪ್ಲಾಸ್ಟಿಕ್ ಭಾಗಗಳನ್ನು ಎರಕ ಹೊಯ್ಯುವ ಉಕ್ಕಿನ ಅಚ್ಚು, ಮಾಡುವುದು. ಹಾಗಾಗಿ ಇಂಥ ಆಟಿಕೆ ಕೈಗೆ ಬಂದರೆ ಮೊದಲು ಕಣ್ಣು ಹೋಗುವುದು ತೂತು ಮತ್ತು ಪಿನ್ನುಗಳ ಕಡೆಗೆ. ನಿಮ್ಮ ರೋಬೋಟಿನ ಹೆಚ್ಚಿನ ಭಾಗ ಎಬಿಎಸ್ ಎಂಬ ಪ್ಲಾಸ್ಟಿಕ್. ಗಟ್ಟಿ, ಬಣ್ಣ ಚೆನ್ನಾಗಿ ಹಿಡಿಯುತ್ತದೆ, ಅಂಚು ಚೂಪಾಗಿ ಬರುತ್ತದೆ. ಅದರ ಮೇಲೆ ತಡೆಯಲಾರದಷ್ಟು ಎಳೆತ ಬಿದ್ದರೆ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳು ಸಾಲಾಗಿ ಏಳುತ್ತವೆ. ಬೆಳಕು ಅಲ್ಲಿ ಚದುರುತ್ತದೆ, ಆ ಜಾಗ ಬೆಳ್ಳಗೆ ಕಾಣುತ್ತದೆ. ನೀವು ನೋಡುತ್ತಿರುವ ಗೆರೆ ಅದೇ. ಇನ್ನೂ ಮುರಿದಿಲ್ಲ, ಆದರೆ ಮುರಿಯುವ ದಾರಿಯಲ್ಲಿದೆ.

ಕಾರಣ ಬಹುತೇಕ ಸಲ ಒಂದೇ. ತೂತಿಗಿಂತ ಪಿನ್ ಸ್ವಲ್ಪ ದಪ್ಪ. ಮರಕ್ಕೆ ದಪ್ಪ ಮೊಳೆ ಹೊಡೆದರೆ ಸೀಳುತ್ತದಲ್ಲ, ಇಲ್ಲಿ ನಡೆಯುವುದೂ ಅದೇ. ವ್ಯತ್ಯಾಸ ಇಷ್ಟೇ: ಪ್ಲಾಸ್ಟಿಕ್ ತಕ್ಷಣ ಸೀಳುವುದಿಲ್ಲ, ತಿಂಗಳುಗಟ್ಟಲೆ ತಡೆದುಕೊಂಡು ಆಮೇಲೆ ಸೀಳುತ್ತದೆ. ನೀವು ಒರಟಾಗಿ ಆಡಿದ್ದಕ್ಕೇ ಆಯಿತು ಅಂದುಕೊಳ್ಳಬೇಡಿ. ಪೆಟ್ಟಿಗೆಯಲ್ಲಿ ಸುಮ್ನೆ ಇಟ್ಟ ಆಟಿಕೆಯಲ್ಲೂ ಈ ಗೆರೆ ಬರುತ್ತದೆ.

ಆ ಪಿನ್ನಿನ ಎರಡೂ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಹೆಚ್ಚಿನ ಪಿನ್ನುಗಳಲ್ಲಿ ಒಂದು ತುದಿ ನುಣ್ಣಗಿರುತ್ತದೆ, ಇನ್ನೊಂದು ತುದಿಗೆ ಸಣ್ಣ ಸಣ್ಣ ಹಲ್ಲು ಕೆತ್ತಿರುತ್ತಾರೆ. ಪಿನ್ ಜಾರಿ ಹೊರಬಾರದಂತೆ ಹಿಡಿದಿಡುವುದು ಆ ಹಲ್ಲುಗಳು. ಹೊರತೆಗೆಯುವಾಗ ನುಣ್ಣನೆಯ ತುದಿಯಿಂದ ತಟ್ಟಬೇಕು, ಹಲ್ಲಿನ ತುದಿ ಮೊದಲು ಹೊರಗೆ ಬರಬೇಕು. ಉಲ್ಟಾ ತಟ್ಟಿದರೆ ಆ ಹಲ್ಲುಗಳು ಇಡೀ ತೂತನ್ನು ಕೊರೆದುಕೊಂಡು ಹೋಗುತ್ತವೆ, ಗೆರೆಯಿದ್ದ ಜಾಗ ಎರಡು ಹೋಳಾಗುತ್ತದೆ. ಪಿನ್ ಹೊರಬಂದ ಮೇಲೆ ನಯವಾದ ಮರಳು ಕಾಗದದಲ್ಲಿ ಅದರ ಮಧ್ಯಭಾಗವನ್ನು ಒಂದಿಷ್ಟು ತೆಳುಮಾಡಿ. ಕೂದಲೆಳೆಯಷ್ಟು ಸಾಕು. ಹಲ್ಲಿನ ತುದಿಯನ್ನು ಮುಟ್ಟಬೇಡಿ. ಮತ್ತೆ ಸೇರಿಸುವಾಗ ಒಂದು ಹನಿ ಸಿಲಿಕೋನ್ ಎಣ್ಣೆ ಹಾಕಿ. ತುಕ್ಕು ಬಿಡಿಸುವ ಸ್ಪ್ರೇ, ಹೊಲಿಗೆ ಯಂತ್ರದ ಎಣ್ಣೆ ಬೇಡ. ಕೆಲವು ಪ್ಲಾಸ್ಟಿಕ್‌ಗಳನ್ನು, ಮುಖ್ಯವಾಗಿ ಗಾಜಿನಂತೆ ಪಾರದರ್ಶಕವಾಗಿರುವ ಭಾಗಗಳನ್ನು, ಪೆಟ್ರೋಲಿಯಂ ಎಣ್ಣೆ ಹಾಳು ಮಾಡುತ್ತದೆ.

ಪಿನ್ ತೆಗೆಯಲು ಧೈರ್ಯ ಸಾಲದಿದ್ದರೆ ಬಿಡಿ. ಭುಜದ ಹತ್ತಿರ ಸ್ಕ್ರೂ ಇದ್ದರೆ ಕಾಲು ಸುತ್ತು ಸಡಿಲ ಮಾಡಿ ನೋಡಿ. ಎಷ್ಟೋ ಸಲ ಬಿಗಿತ ಬರುವುದು ಸ್ಕ್ರೂನಿಂದಲೇ. ಅಂಟು ಹಾಕಿ ಗೆರೆ ಮುಚ್ಚುವ ಕೆಲಸ ಮಾತ್ರ ಮಾಡಬೇಡಿ. ಒತ್ತಡ ಒಳಗೇ ಇರುವಾಗ ಮೇಲೆ ಅಂಟು ಬಳಿದರೆ ಏನೂ ಉಳಿಯುವುದಿಲ್ಲ. ಆ ಅಂಟು ಕೀಲಿನೊಳಗೆ ಇಳಿದರೆ ಕೈ ಶಾಶ್ವತವಾಗಿ ಅಲ್ಲೇ ಹಿಡಿದುಕೊಳ್ಳುತ್ತದೆ.

ಈಗ 900 ಮತ್ತು 3,200ರ ವಿಚಾರ.

ಎರಡನ್ನೂ ಅಕ್ಕಪಕ್ಕ ಇಟ್ಟು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯಿರಿ. ನಿಮ್ಮ ಕಾಲೇಜಿನ ವರ್ಕ್‌ಶಾಪಿನಲ್ಲಿ ಇದ್ದೇ ಇರುತ್ತದೆ. ಒಂದೇ ಭಾಗವನ್ನು, ಉದಾಹರಣೆಗೆ ಕಾರಿನ ಉದ್ದವನ್ನು, ಎರಡರಲ್ಲೂ ಅಳೆಯಿರಿ. ಬಿಸಿ ಎಬಿಎಸ್ ಡೈಯೊಳಗೆ ತಣ್ಣಗಾಗುವಾಗ ಸಾಮಾನ್ಯವಾಗಿ ಶೇ. 0.4ರಿಂದ 0.7ರಷ್ಟು ಕುಗ್ಗುತ್ತದೆ. ಅಸಲಿ ಡೈ ಮಾಡುವವರು ಈ ಕುಗ್ಗುವಿಕೆಯನ್ನು ಲೆಕ್ಕ ಹಾಕಿ ಡೈಯನ್ನು ಅಷ್ಟು ದೊಡ್ಡದಾಗಿ ಕೆತ್ತಿರುತ್ತಾರೆ. ನಕಲು ಮಾಡುವವನು ಅಂಗಡಿಯಿಂದ ಆಟಿಕೆ ತಂದು, ಬಿಚ್ಚಿ, ಅದರ ಅಳತೆಯಲ್ಲೇ ಡೈ ಮಾಡಿದರೆ ಅವನ ಆಟಿಕೆ ಮತ್ತೊಮ್ಮೆ ಕುಗ್ಗುತ್ತದೆ. 140 ಮಿಲಿಮೀಟರ್ ಇರಬೇಕಾದದ್ದು ಸುಮಾರು 139ಕ್ಕೆ ಬರುತ್ತದೆ. ಕಣ್ಣಿಗೆ ಗೊತ್ತಾಗದ ಒಂದು ಮಿಲಿಮೀಟರ್ ಕೀಲಿನ ಮಟ್ಟಿಗೆ ಬಹಳ ದೊಡ್ಡದು. ಯಾಕೆಂದರೆ ಎಲ್ಲ ಭಾಗವೂ ಒಂದೇ ಪ್ಲಾಸ್ಟಿಕ್ ಅಲ್ಲ. ಜಾರುವ ಕೀಲುಗಳಿಗೆ ಪಿಒಎಂ ಅನ್ನುವ, ಮೇಣದಂತೆ ನುಣುಪಾದ ಪ್ಲಾಸ್ಟಿಕ್ ಬಳಸುತ್ತಾರೆ. ಅದು ಕುಗ್ಗುವುದು ಹತ್ತಿರ ಹತ್ತಿರ ಶೇ. 2. ಹೀಗೆ ಒಂದು ಭಾಗ ಒಂದು ಲೆಕ್ಕದಲ್ಲಿ, ಇನ್ನೊಂದು ಭಾಗ ಇನ್ನೊಂದು ಲೆಕ್ಕದಲ್ಲಿ ಕುಗ್ಗಿದರೆ ಒಂದು ಕೀಲು ಸಡಿಲ, ಇನ್ನೊಂದು ಕೀಲು ಬಿಗಿ. ಅಗ್ಗದ ನಕಲಿನಲ್ಲಿ ಒಂದು ಕಾಲು ನಿಲ್ಲದೆ ಕುಸಿಯುವುದು, ಇನ್ನೊಂದು ಕಾಲು ಅಲುಗಾಡದೇ ಇರುವುದು ಇದರಿಂದ.

ಈಗಿನ ನಕಲುಗಾರರು ಆಟಿಕೆಯನ್ನು ಸ್ಕ್ಯಾನ್ ಮಾಡಿ, ಕುಗ್ಗುವಿಕೆ ಸರಿಪಡಿಸಿಕೊಂಡು ಡೈ ಮಾಡುವುದೂ ಉಂಟು. ಬೇಕೆಂದೇ ದೊಡ್ಡ ಅಳತೆಯಲ್ಲಿ ಮಾಡುವವರೂ ಇದ್ದಾರೆ. ಹಾಗಾಗಿ ಅಳತೆಯೊಂದನ್ನೇ ನಂಬಬೇಡಿ. ಆಟಿಕೆಯ ಕಾಲಿನ ಹಿಂಭಾಗ, ತೊಡೆಯ ಒಳಬದಿ, ಕಾರಿನ ತಳ ನೋಡಿ. ಅಸಲಿಯಲ್ಲಿ ಹ್ಯಾಸ್‌ಬ್ರೋ, ಟೋಮಿ ಅನ್ನುವ, ಇವನ್ನು ಮಾಡುವ ಕಂಪನಿಗಳ ಹೆಸರು, ತಯಾರಾದ ದೇಶ, ಒಂದು ಪುಟ್ಟ ಸಂಖ್ಯೆಯ ಗುರುತು ಇರುತ್ತವೆ. ನಕಲಿನಲ್ಲಿ ಆ ಜಾಗ ಹೆಚ್ಚಾಗಿ ಬೋಳು. ಕತೆಯಲ್ಲಿ ಆ ರೋಬೋಟ್ ಯಾವ ಪಂಗಡದ್ದು ಎಂದು ತೋರಿಸುವ ಎದೆಯ ಮೇಲಿನ ಮುದ್ರೆಯನ್ನೂ ಕೆಲವರು ಬಿಟ್ಟುಬಿಡುತ್ತಾರೆ. ಎರಡು ಭಾಗ ಕೂಡುವ ಅಂಚಿನ ಮೇಲೆ ಉಗುರು ಓಡಿಸಿ. ತೆಳ್ಳನೆಯ ಪ್ಲಾಸ್ಟಿಕ್ ಪೊರೆ ಉಗುರಿಗೆ ಸಿಕ್ಕಿದರೆ ಅದು ಫ್ಲ್ಯಾಶ್. ಡೈಯ ಎರಡು ಅರ್ಧ ಸರಿಯಾಗಿ ಮುಚ್ಚಿಕೊಳ್ಳದೆ ಪ್ಲಾಸ್ಟಿಕ್ ಹೊರಗೆ ಸೋರಿದೆ ಎಂದರ್ಥ. ಸವೆದ ಡೈ ಅಥವಾ ಅವಸರದ ಕೆಲಸ.

ಇನ್ನೊಂದು ಜಾತಿ ಇದೆ, ಅದನ್ನು ನಕಲಿನ ಜೊತೆ ಸೇರಿಸಬೇಡಿ. ಸಂಗ್ರಹಕಾರರು ಥರ್ಡ್ ಪಾರ್ಟಿ ಅನ್ನುತ್ತಾರೆ. ಇವರು ಪಾತ್ರದ ಹೋಲಿಕೆ ಮಾತ್ರ ತೆಗೆದುಕೊಳ್ಳುತ್ತಾರೆ. ವಿನ್ಯಾಸ ಪೂರ್ತಿ ತಮ್ಮದು. ಅನುಮತಿ ಪಡೆದಿರುವುದಿಲ್ಲ, ಹೆಸರೂ ಬೇರೆ ಇಟ್ಟಿರುತ್ತಾರೆ. ಬೆಲೆ ಅಸಲಿಗಿಂತ ಜಾಸ್ತಿ ಇರುವುದೂ ಉಂಟು. ಕಾನೂನಿನ ಪ್ರಶ್ನೆ ಇದ್ದೇ ಇದೆ. ಆದರೆ ಕೆಲವರ ಕೀಲಿನ ಕೆಲಸ ನೋಡಿದರೆ ಡೈ ಮಾಡುವವನಾಗಿ ಮೆಚ್ಚದೆ ಇರಲು ನನಗೆ ಆಗುವುದಿಲ್ಲ.

ಹಾಗಾದರೆ ನಿಮ್ಮ 900 ರೂಪಾಯಿಯದನ್ನು ಎಸೆಯಬೇಕೇ? ಬೇಡ. ಅದು ನಿಮ್ಮ ಪಾಠದ ಪುಸ್ತಕ. ಬಿಚ್ಚಿ, ಸೇರಿಸಿ, ಪಿನ್ ತೆಗೆಯುವ ಅಭ್ಯಾಸವನ್ನು ಅದರ ಮೇಲೆ ಮಾಡಿ, ಆಮೇಲೆ ಬಿಳಿ ಗೆರೆಯ ಭುಜಕ್ಕೆ ಕೈ ಹಾಕಿ. ಆದರೆ ಮನೆಯ ಚಿಕ್ಕ ಮಕ್ಕಳ ಕೈಗೆ ಕೊಡಬೇಡಿ. ಯಾವ ಬಣ್ಣ, ಯಾವ ಪ್ಲಾಸ್ಟಿಕ್ ಅಂತ ಯಾರೂ ಪರೀಕ್ಷೆ ಮಾಡಿರುವುದಿಲ್ಲ. ನಮ್ಮಲ್ಲಿ 1 ಜನವರಿ 2021ರಿಂದ, 14 ವರ್ಷದೊಳಗಿನ ಮಕ್ಕಳು ಆಡುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಗುರುತಿನ ಜೊತೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರುತ್ತದೆ. ಈ ಗುರುತು ಕೊಡುವ ಸರ್ಕಾರಿ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ನಿಜವೋ ಸುಳ್ಳೋ ತಿಳಿಯುತ್ತದೆ. ಸಿದ್ಧೇಶ್ವರ ಜಾತ್ರೆಯಲ್ಲೋ ಬಾದಾಮಿಯ ಬನಶಂಕರಿ ಜಾತ್ರೆಯಲ್ಲೋ ತಮ್ಮನಿಗೆ, ಅಳಿಯನಿಗೆ ಬ್ಯಾಟರಿ ರೋಬೋಟ್ ಕೊಡಿಸುವಾಗ ಇದನ್ನು ನೋಡಿ. ಬಟನ್ ಸೆಲ್ ಹಾಕುವ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು. ಮಗು ಆ ಸೆಲ್ ನುಂಗಿದರೆ ಅನ್ನನಾಳ ಗಂಟೆಗಳಲ್ಲೇ ಸುಟ್ಟುಹೋಗಬಹುದು. ಸ್ಕ್ರೂ ಇಲ್ಲದಿದ್ದರೆ ಆಟಿಕೆ ಎಷ್ಟೇ ಚಂದ ಇದ್ದರೂ ಅಲ್ಲೇ ಬಿಟ್ಟು ಬನ್ನಿ.

ಅಸಲಿಗೆ ಅಷ್ಟು ಬೆಲೆ ಯಾಕೆ ಅಂತಲೂ ಅನಿಸಿರಬೇಕಲ್ವಾ? ಡೈ ದುಬಾರಿ, ಅದು ಒಂದು. ಒಂದು ರೋಬೋಟಿಗೆ ಹತ್ತಾರು ಭಾಗ, ಪ್ರತಿಯೊಂದಕ್ಕೂ ಉಕ್ಕಿನಲ್ಲಿ ಕೆತ್ತನೆ. ಮೇಲೆ ತೆರಿಗೆ. ವ್ಯಾಪಾರಕ್ಕೆ ಹೊರದೇಶದಿಂದ ತರಿಸುವ ಆಟಿಕೆಯ ಮೇಲಿನ ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70ಕ್ಕೆ. ಇದರ ಉದ್ದೇಶ ಇಲ್ಲೇ ಆಟಿಕೆ ತಯಾರಾಗಲಿ ಎಂಬುದು. ಇದನ್ನು ದೂರದ ಮಾತು ಅಂದುಕೊಳ್ಳಬೇಡಿ. ನಮ್ಮ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಮಾಡುವ ಏಕಸ್ ಸಂಸ್ಥೆಯೇ ನಿಮ್ಮ ಪಕ್ಕದ ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಆಟಿಕೆ ಕ್ಲಸ್ಟರ್ ಕಟ್ಟಿದೆ. ನೀವು ಎಂಜಿನಿಯರಿಂಗ್ ಓದುತ್ತಿದ್ದೀರಿ. ಮನೆಯವರು ಮತ್ತೆ ಕೇಳಿದಾಗ ಇದನ್ನು ಹೇಳಿ. ಪಿನ್, ಕೀಲು, ಪ್ಲಾಸ್ಟಿಕ್ ಕುಗ್ಗುವಿಕೆ ಬಲ್ಲ ಹುಡುಗನಿಗೆ ಈ ಭಾಗದಲ್ಲೇ ಕೆಲಸವಿದೆ. ಅದಕ್ಕಿಂತ ಮೊದಲು, ಖುಷಿಗೇ ಇಟ್ಟುಕೊಂಡಿದ್ದರೂ ಏನೂ ತಪ್ಪಿಲ್ಲ.

ಇನ್ನು ವಿಮರ್ಶೆ. ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಈ ಆಸೆ. ಕನ್ನಡದಲ್ಲಿ ಇದನ್ನು ಮನಸ್ಸಿಟ್ಟು ಮಾಡುವವರು ಬೇಕು.

ಒಂದು ಮಾತು ಮೊದಲೇ ಹೇಳುತ್ತೇನೆ. ಈ ಆಟಿಕೆಯಲ್ಲಿ ರೋಬೋಟ್ ಒಂದು ಗೊಂಬೆ, ಕಾರು ಇನ್ನೊಂದು ಗೊಂಬೆ ಅಂತ ಇಲ್ಲ. ಒಂದು ಇನ್ನೊಂದಾಗುವ ಆ ಎರಡು ಮೂರು ನಿಮಿಷವನ್ನು ಇಟ್ಟುಕೊಂಡೇ ಇಡೀ ಆಟಿಕೆ ಮಾಡಿರುತ್ತಾರೆ. ಫೋಟೋದಲ್ಲಿ ಎರಡೂ ತುದಿ ಕಾಣುತ್ತವೆ, ಮಧ್ಯದ ನಿಮಿಷ ಕಾಣುವುದಿಲ್ಲ. ಓದುವವನಿಗೆ ನಿಮ್ಮಿಂದ ಬೇಕಾಗಿರುವುದು ಆ ನಿಮಿಷ. ಪೆಟ್ಟಿಗೆಯ ಚಿತ್ರ, ಬೆಲೆ, ಬಿಡಿಭಾಗಗಳ ಪಟ್ಟಿ ಅಂಗಡಿಯವನೇ ಕೊಟ್ಟಿರುತ್ತಾನೆ.

ಮೊದಲ ಸಲ ಕೈಪಿಡಿ ನೋಡಿಕೊಂಡು ಬದಲಾಯಿಸಿ. ಎಲ್ಲಿ ಕೈ ನಿಂತಿತು, ಎಲ್ಲಿ ಚಿತ್ರ ಅರ್ಥವಾಗಲಿಲ್ಲ, ಆಗಲೇ ಗೀಚಿಟ್ಟುಕೊಳ್ಳಿ. ಎರಡನೇ ದಿನಕ್ಕೆ ನಿಮಗೆ ರೂಢಿಯಾಗಿಬಿಡುತ್ತದೆ, ಮೊದಲ ದಿನದ ಕಷ್ಟ ನೆನಪಿಗೆ ಬರುವುದಿಲ್ಲ. ಓದುವವನು ಇರುವುದು ಮೊದಲ ದಿನದಲ್ಲಿ. ಆಮೇಲೆ ಕೈಪಿಡಿ ಮುಚ್ಚಿಟ್ಟು ಹಲವು ಸಲ ಮಾಡಿ. ವಾಪಸ್ ಬರುವ ದಾರಿಯನ್ನು ಮರೆಯಬೇಡಿ. ರೋಬೋಟಿನಿಂದ ಕಾರಿಗೆ ಹೋಗುವುದೇ ಹೆಚ್ಚಾಗಿ ಕಷ್ಟ. ಎಲ್ಲ ಹಲಗೆಗಳೂ ಒಂದೇ ಕ್ಷಣದಲ್ಲಿ ಕೂಡಿಕೊಳ್ಳಬೇಕು. ಬಾನೆಟ್ ಕೂತರೆ ಬಾಗಿಲು ಏಳುತ್ತದೆ, ಬಾಗಿಲು ಒತ್ತಿದರೆ ಹಿಂದಿನ ಬಂಪರ್ ಕಳಚುತ್ತದೆ. ಅಂಥದ್ದು ಇದ್ದರೆ ಯಾವುದನ್ನು ಮೊದಲು ಒತ್ತಿದರೆ ಸರಿಹೋಗುತ್ತದೆ ಅಂತ ಹುಡುಕಿ ಬರೆಯಿರಿ. ನಿಮ್ಮ ವಿಮರ್ಶೆಯಲ್ಲಿ ಜನ ಮತ್ತೆ ಮತ್ತೆ ಬಂದು ಓದುವುದು ಆ ಸಾಲನ್ನೇ.

"ಕೀಲು ಚೆನ್ನಾಗಿವೆ, ಸೂಪರ್ ಆಗಿದೆ" ಅಂತ ಬರೆದರೆ ಯಾರಿಗೂ ಏನೂ ಸಿಗುವುದಿಲ್ಲ. "ಬಾಗಿಲು ಮಡಚುವ ಮುಂಚೆ ಮೊಣಕೈಯನ್ನು ಪೂರ್ತಿ ಬಗ್ಗಿಸಿ, ಇಲ್ಲದಿದ್ದರೆ ಬಾಗಿಲಿನ ಅಂಚು ಉಜ್ಜಿ ಮೊಣಕೈಯ ಬೆಳ್ಳಿ ಬಣ್ಣ ಕಿತ್ತು ಬರುತ್ತದೆ" ಅಂತ ಬರೆಯಿರಿ. ಒಬ್ಬನ ಆಟಿಕೆಯಾದರೂ ಉಳಿಯುತ್ತದೆ.

ಹಿಂಭಾಗದ ಫೋಟೋ ಹಾಕಲೇಬೇಕು. ಕಂಪನಿಯ ಚಿತ್ರಗಳು ಯಾವಾಗಲೂ ಎದುರಿನಿಂದಲೇ. ಕಾರಿನ ಛಾವಣಿ, ಗಾಜು, ಬಾಗಿಲು ರೋಬೋಟ್ ಆದ ಮೇಲೆ ಎಲ್ಲಾದರೂ ಹೋಗಲೇಬೇಕಲ್ವಾ? ಒಳ್ಳೆಯ ವಿನ್ಯಾಸದಲ್ಲಿ ಅವು ಕಾಲಿನೊಳಗೆ, ಎದೆಯೊಳಗೆ ಮಡಚಿಕೊಂಡು ಸೇರುತ್ತವೆ. ಸೋಮಾರಿ ವಿನ್ಯಾಸದಲ್ಲಿ ಎಲ್ಲವೂ ಬೆನ್ನ ಮೇಲೆ ಮೂಟೆಯಾಗಿ ಕೂರುತ್ತವೆ. ಸಂಗ್ರಹಕಾರರು ಹೀಗೆ ಹೊರಗೆ ಉಳಿದ ತುಂಡುಗಳಿಗೆ ಕಿಬಲ್ ಅನ್ನುತ್ತಾರೆ. ಮೂಟೆ ಭಾರವಾದರೆ ರೋಬೋಟ್ ಹಿಂದಕ್ಕೆ ಬೀಳುತ್ತದೆ, ಅದಕ್ಕೇ ಹಿಮ್ಮಡಿಗೆ ಒಂದು ಆಸರೆ ಕೊಟ್ಟಿರುತ್ತಾರೆ. ನಿಲ್ಲಿಸಿ ನೋಡಿ, ಮೇಜನ್ನು ಸ್ವಲ್ಪ ಅಲುಗಿಸಿ ನೋಡಿ. ಮೊಣಕೈ ಎಷ್ಟು ಬಗ್ಗುತ್ತದೆ, ಸೊಂಟ ತಿರುಗುತ್ತದೆಯೇ, ಕಾಲು ಅಗಲಿಸಿದಾಗ ಪಾದ ನೆಲಕ್ಕೆ ಸಮನಾಗಿ ಕೂರಲು ಕಣಕಾಲು ವಾಲುತ್ತದೆಯೇ, ಇವನ್ನು ಹೇಳಿ. ಕಾರು ರೂಪದಲ್ಲಿ ನಾಲ್ಕೂ ಚಕ್ರ ನೆಲ ಮುಟ್ಟಬೇಕು. ಗಾಜಿನ ಹಲಗೆಯ ಮೇಲೆ ಉರುಳಿಸಿದರೆ ತಕ್ಷಣ ಗೊತ್ತಾಗುತ್ತದೆ. ಮೂರೇ ಚಕ್ರ ತಿರುಗುವ ಕಾರುಗಳು ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಸಿಗುತ್ತವೆ.

ಅಳತೆಗೆ ಪಕ್ಕದಲ್ಲಿ ಎಲ್ಲರಿಗೂ ಗೊತ್ತಿರುವ ವಸ್ತು ಇಡಿ. ಬೆಳಕಿಗೆ ಕ್ಯಾಮೆರಾದ ಫ್ಲ್ಯಾಶ್ ಬೇಡ, ಬೆಳಗಿನ ಹೊತ್ತು ಕಿಟಕಿಯ ಪಕ್ಕ ಸಾಕು. ಬಣ್ಣದ ನಿಜ ಅಲ್ಲೇ ತಿಳಿಯುವುದು. ಹತ್ತಕ್ಕೆ ಎಂಟು, ಒಂಬತ್ತು ಅಂತ ಅಂಕ ಕೊಡುವುದನ್ನು ನಾನು ಒಪ್ಪುವುದಿಲ್ಲ. ಜನ ಅಂಕ ನೋಡಿ ಮುಂದೆ ಹೋಗುತ್ತಾರೆ, ಕಾರಣ ಓದುವುದಿಲ್ಲ. ನಿಮ್ಮ ಕೈಗೆ ಬಂದದ್ದು ಒಂದೇ ಪ್ರತಿ ಎಂಬುದೂ ನೆನಪಿರಲಿ. ಒಂದೇ ಡೈಯಿಂದ ಬಂದ ಎರಡು ಆಟಿಕೆಯಲ್ಲೂ ಒಂದರ ಸೊಂಟ ಸಡಿಲ, ಇನ್ನೊಂದರದು ಗಟ್ಟಿ ಇರಬಹುದು. ಜೋಡಿಸುವಾಗ ಎರಡು ಎಡಗೈ ಹಾಕಿ ಕಳಿಸಿದ ಉದಾಹರಣೆಗಳೂ ಇವೆ. ಹಾಗಾಗಿ ವಿನ್ಯಾಸದ ದೋಷ ಯಾವುದು, ನಿಮ್ಮ ಪ್ರತಿಯ ದೋಷ ಯಾವುದು ಅಂತ ಬೇರೆ ಬೇರೆ ಹೇಳಿ. ಯಾರಾದರೂ ಆಟಿಕೆಯನ್ನು ಪುಕ್ಕಟೆ ಕೊಟ್ಟಿದ್ದರೆ ಮೊದಲ ಸಾಲಿನಲ್ಲೇ ಬರೆಯಿರಿ. ಆರು ತಿಂಗಳಾದ ಮೇಲೆ ಅದೇ ಆಟಿಕೆಯ ಬಗ್ಗೆ ಇನ್ನೊಂದು ಪ್ಯಾರಾ ಸೇರಿಸಿ: ಕೀಲು ಸಡಿಲವಾಯಿತೇ, ಗೆರೆ ಬಂತೇ, ಬಣ್ಣ ಹೋಯಿತೇ. ಆ ಪ್ಯಾರಾ ಬರೆಯುವವರು ಬಹಳ ಕಡಿಮೆ. ನನಗೆ ಬೇರೆಯವರ ವಿಮರ್ಶೆಯಲ್ಲಿ ಅದೇ ಬೇಕಾಗಿರುತ್ತದೆ.

ಏನನ್ನು ಸಂಗ್ರಹಿಸಬೇಕು ಅಂತ ನೀವು ಕೇಳಿಲ್ಲ. ಆದರೆ ಏಳು ಇದ್ದದ್ದು ಎಪ್ಪತ್ತಾಗುವ ಮುಂಚೆ ಹೇಳಿಬಿಡುವುದು ಒಳ್ಳೆಯದು. ಕಂಡದ್ದೆಲ್ಲ ಕೊಳ್ಳಲು ಹೋದರೆ ದುಡ್ಡೂ ಸಾಲದು, ಜಾಗವೂ ಸಾಲದು. ಒಂದು ದಾರಿ ಹಿಡಿಯಿರಿ.

ನನಗೆ ಇಷ್ಟವಾದ ದಾರಿ ಒಂದೇ ಪಾತ್ರವನ್ನು ಬೇರೆ ಬೇರೆ ಕಾಲದಲ್ಲಿ ನೋಡುವುದು. ಲಾರಿಯಾಗಿ ಬದಲಾಗುವ ಆಪ್ಟಿಮಸ್ ಪ್ರೈಮ್‌ನನ್ನೇ ತೆಗೆದುಕೊಳ್ಳಿ. ಅಮೆರಿಕದ ಹ್ಯಾಸ್‌ಬ್ರೋ ಕಂಪನಿ 1984ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಹೆಸರಲ್ಲಿ ಮಾರಿದ ಆ ಲಾರಿ ಅವರ ವಿನ್ಯಾಸವಾಗಿರಲಿಲ್ಲ. ಜಪಾನಿನ ಟಕಾರಾ ಕಂಪನಿಯ ಡಯಾಕ್ಲೋನ್ ಸಾಲಿನಲ್ಲಿ ಅದು ಮೊದಲೇ ಇತ್ತು. ಡಯಾಕ್ಲೋನ್ 1980ರಲ್ಲಿ ಶುರುವಾದದ್ದು. ಅಲ್ಲಿ ರೋಬೋಟ್ ತಾನಾಗಿ ಯೋಚಿಸುವ ಜೀವವಲ್ಲ, ಪುಟ್ಟ ಚಾಲಕ ಕೂತು ಓಡಿಸುವ ಯಂತ್ರ. ಟಕಾರಾದ ಇನ್ನೊಂದು ಸಾಲು ಮೈಕ್ರೋ ಚೇಂಜ್. ಅದರಲ್ಲಿ ಮನೆಯ ಸಾಮಾನುಗಳೇ ರೋಬೋಟ್ ಆಗುತ್ತಿದ್ದವು. ಪಿಸ್ತೂಲಾಗಿ ಬದಲಾಗುವ ಮೆಗಾಟ್ರಾನ್, ಕ್ಯಾಸೆಟ್ ಪ್ಲೇಯರ್ ಆಗುವ ಸೌಂಡ್‌ವೇವ್ ಬಂದದ್ದು ಅಲ್ಲಿಂದ. ಎರಡೂ ಸಾಲನ್ನು ಹ್ಯಾಸ್‌ಬ್ರೋ ಒಟ್ಟಿಗೆ ತಂದು, ಕತೆ ಮತ್ತು ಹೆಸರುಗಳನ್ನು ಮಾರ್ವೆಲ್ ಕಾಮಿಕ್ಸ್‌ನವರಿಂದ ಬರೆಸಿತು. ಹೆಚ್ಚಿನ ಪಾತ್ರಗಳಿಗೆ ಹೆಸರಿಟ್ಟವರು ಬಾಬ್ ಬುಡಿಯಾನ್ಸ್ಕಿ. ಲಾರಿ, ಪಿಸ್ತೂಲು, ಕ್ಯಾಸೆಟ್ ಪ್ಲೇಯರ್ ಒಂದೇ ಎತ್ತರದ ರೋಬೋಟ್‌ಗಳಾಗಿ ಎದುರು ಬದುರು ನಿಲ್ಲುವುದು ಯಾಕೆ ಅಂತ ನಿಮಗೂ ಅನಿಸಿರಬಹುದು. ಅವು ಹುಟ್ಟಿದ್ದು ಒಂದೇ ಸಾಲಿನಲ್ಲಲ್ಲ, ಅದೇ ಕಾರಣ.

ಆ 1984ರ ಆಪ್ಟಿಮಸ್‌ನಲ್ಲಿ ಬದಲಾವಣೆ ಬಹಳ ಸರಳ. ಲಾರಿಯ ಮುಂದಿನ ಗಾಜೇ ಎದೆ. ತಲೆ ಛಾವಣಿಯಿಂದ ಏಳುತ್ತದೆ. ಮುಷ್ಟಿಗಳು ಬೇರೆ ತುಂಡು, ಕೈಯಾರೆ ಸಿಕ್ಕಿಸಬೇಕು. ಅದಕ್ಕೇ ಹಳೆಯದು ಕೊಳ್ಳುವಾಗ ಮುಷ್ಟಿ ಇದೆಯೇ ಅಂತ ಮೊದಲು ಕೇಳುತ್ತಾರೆ. 1996ರಲ್ಲಿ ಪ್ರಾಣಿಗಳಾಗಿ ಬದಲಾಗುವ ಬೀಸ್ಟ್ ವಾರ್ಸ್ ಸಾಲು ಬಂತು. ಬಾಲ್ ಜಾಯಿಂಟ್, ಅಂದರೆ ಬಟ್ಟಲಿನೊಳಗೆ ತಿರುಗುವ ಗುಂಡಿನ ಕೀಲಿನ ಬಳಕೆ ಹೆಚ್ಚಿ ಕೈಕಾಲು ಎಲ್ಲ ಕಡೆ ತಿರುಗತೊಡಗಿದವು. 2003ರಲ್ಲಿ ಟಕಾರಾ ದೊಡ್ಡವರ ಸಂಗ್ರಹಕ್ಕೆಂದೇ ಮಾಸ್ಟರ್‌ಪೀಸ್ ಸಾಲನ್ನು ಶುರು ಮಾಡಿತು, ಮೊದಲ ಆಟಿಕೆ ಇದೇ ಲಾರಿ. 2006ರಲ್ಲಿ ಟಕಾರಾ ಮತ್ತು ಟೋಮಿ ಒಂದಾದವು. ಈಗ 2024ರಿಂದ ಮಿಸ್ಸಿಂಗ್ ಲಿಂಕ್ ಅನ್ನುವ ಸಾಲಿನಲ್ಲಿ 1984ರ ರೂಪವನ್ನೇ ಉಳಿಸಿಕೊಂಡು ಒಳಗೆ ಹೊಸ ಕೀಲು ಕೊಟ್ಟಿದ್ದಾರೆ. ಹಳೆಯದನ್ನೂ ಇದನ್ನೂ ಒಂದೇ ಕೈಯಲ್ಲಿ ಆಡಿಸಿದರೆ 40 ವರ್ಷದಲ್ಲಿ ಕೀಲು ಮಾಡುವ ವಿದ್ಯೆ ಎಲ್ಲಿಂದ ಎಲ್ಲಿಗೆ ಬಂತು ಅಂತ ಬೆರಳಿಗೇ ಗೊತ್ತಾಗುತ್ತದೆ.

ಇವೆಲ್ಲ ದುಬಾರಿ. ವಿದ್ಯಾರ್ಥಿಗೆ ಡೀಲಕ್ಸ್ ಅಳತೆ ಸಾಕು. ಸುಮಾರು 14 ಸೆಂಟಿಮೀಟರ್ ಎತ್ತರ. ಅದರ ಮೇಲೆ ವಾಯೇಜರ್, 18ರ ಆಸುಪಾಸು, ಆಮೇಲೆ ಲೀಡರ್. ನನ್ನ ಅಭಿಪ್ರಾಯದಲ್ಲಿ ಒಳ್ಳೆಯ ವಿನ್ಯಾಸಗಳು ಡೀಲಕ್ಸ್‌ನಲ್ಲೇ ಜಾಸ್ತಿ. ಜಾಗ ಕಡಿಮೆ, ಭಾಗ ಕಡಿಮೆ, ಆದ್ದರಿಂದ ವಿನ್ಯಾಸಗಾರ ತಲೆ ಓಡಿಸಲೇಬೇಕಾಗುತ್ತದೆ. ಮಾಸ್ಟರ್‌ಪೀಸ್ ಕೊಳ್ಳುವ ಆಸೆಯಾದರೆ ವರ್ಷಕ್ಕೊಂದು ಇಟ್ಟುಕೊಳ್ಳಿ.

ಇಡುವ ಜಾಗದ ವಿಚಾರದಲ್ಲಿ ಜಮಖಂಡಿಗೂ ಬೆಳಗಾವಿಗೂ ಬಹಳ ವ್ಯತ್ಯಾಸ. ನಮಗೆ ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಪಿನ್ನು, ಸ್ಕ್ರೂಗಳಿಗೆ ತುಕ್ಕು ಹಿಡಿಯುತ್ತದೆ, ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕುವುದು ನಮ್ಮ ಪಾಡು. ನಿಮ್ಮ ಕಡೆ ಶತ್ರು ಬಿಸಿಲು. ಬಿಳಿ ಮತ್ತು ತಿಳಿಬೂದು ಎಬಿಎಸ್ ಬಿಸಿಲಿಗೆ, ಕಾವಿಗೆ ಹಳದಿಯಾಗುತ್ತದೆ. 1985ರ ಜೆಟ್‌ಫೈರ್ ಎಂಬ ಬಿಳಿ ವಿಮಾನ ಇದಕ್ಕೆ ಹೆಸರುವಾಸಿ, ಅಪ್ಪಟ ಬಿಳಿಯಾಗಿ ಉಳಿದ ಪ್ರತಿಗೆ ಬೆಲೆಯೇ ಬೇರೆ. ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಮತ್ತೆ ಬಿಳಿ ಮಾಡುವವರಿದ್ದಾರೆ. ಬಣ್ಣವೇನೋ ಬರುತ್ತದೆ, ಕೆಲವು ಕಾಲದ ಮೇಲೆ ಹಳದಿ ಮರಳುವುದೂ ಉಂಟು. ನಾನಾದರೆ ಮಾಡುವುದಿಲ್ಲ. ಕಿಟಕಿಯ ನೇರಕ್ಕೆ ಇಡಬೇಡಿ, ತಗಡಿನ ಚಾವಣಿಯ ಕೆಳಗಿನ ಅಟ್ಟಕ್ಕೆ ಅಂತೂ ಹಾಕಲೇಬೇಡಿ. ಒಳಮನೆಯ ಮರದ ಕಪಾಟು ಒಳ್ಳೆಯದು.

ಮೆತ್ತನೆಯ ರಬ್ಬರಿನಂಥ ಚಕ್ರ, ಕತ್ತಿ, ತಲೆಗಳು ಗಟ್ಟಿ ಪ್ಲಾಸ್ಟಿಕ್‌ಗೆ ಒತ್ತಿಕೊಂಡು ಇರದಂತೆ ಇಡಿ. ಮೆತ್ತನೆಯದರಲ್ಲಿರುವ ಎಣ್ಣೆಯಂಥ ಪದಾರ್ಥ ನಿಧಾನವಾಗಿ ಹೊರಬಂದು ಗಟ್ಟಿ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ, ಎರಡೂ ಅಂಟಿಕೊಳ್ಳುತ್ತವೆ. ಬ್ಯಾಟರಿ ತೆಗೆದಿಡಿ. ನಮ್ಮ ಎರೆಮಣ್ಣಿನ ಧೂಳನ್ನು ಬಟ್ಟೆಯಲ್ಲಿ ಉಜ್ಜಬೇಡಿ, ಗೀರು ಬೀಳುತ್ತದೆ. ಮೆತ್ತನೆಯ ಬ್ರಶ್ ಆಡಿಸಿ ಉದುರಿಸಿ. ಸಡಿಲವಾದ ಬಾಲ್ ಜಾಯಿಂಟಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ತೆಳು ಪದರ ಹಚ್ಚಿ, ಪೂರ್ತಿ ಒಣಗಿದ ಮೇಲೆ ಸೇರಿಸಿದರೆ ಬಿಗಿ ಮರಳುತ್ತದೆ. ಒಣಗುವ ಮುಂಚೆ ಸೇರಿಸಬೇಡಿ.

ಹಳೆಯ ಆಟಿಕೆ ಕೊಳ್ಳುವ ಆಸೆಯಾದರೆ ಒಂದು ಅಪಾಯ ತಿಳಿದಿರಲಿ. 1980ರ ದಶಕದ ಕೊನೆಯಿಂದ 90ರ ದಶಕದವರೆಗಿನ ಕೆಲವು ಆಟಿಕೆಗಳಲ್ಲಿ, ಒಳಗೆ ಹೊಳೆಯುವ ಚೂರು ಬೆರೆಸಿದ ಚಿನ್ನದ ಬಣ್ಣದ ಪ್ಲಾಸ್ಟಿಕ್ ಇದೆ. ಅದು ಕಾಲ ಕಳೆದಂತೆ ಬಿಸ್ಕತ್ತಿನಂತೆ ಪೆಡಸಾಗುತ್ತದೆ, ಮುಟ್ಟಿದರೆ ಪುಡಿ. ಪೆಟ್ಟಿಗೆ ತೆರೆಯದೇ ಇದ್ದರೂ ಉಳಿಯುವುದಿಲ್ಲ. ಅಂಥ ಭಾಗ ಇರುವುದನ್ನು ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ ಅನ್ನಿ. ಮಿಕ್ಕಂತೆ, ಮಾರುವವರಿಂದ ಫೋಟೋ ತರಿಸಿಕೊಂಡು ಸುಮ್ಮನಾಗಬೇಡಿ. ಒಂದು ರೂಪದಿಂದ ಇನ್ನೊಂದಕ್ಕೆ ಬದಲಾಯಿಸುವ ವಿಡಿಯೋ ಕೇಳಿ, ಮಧ್ಯೆ ಎಲ್ಲೂ ಕತ್ತರಿಸಿರಬಾರದು. ಭುಜ ಮತ್ತು ಮೊಣಕಾಲಿನ ಪಿನ್ನುಗಳನ್ನು ಹತ್ತಿರದಿಂದ ತೋರಿಸಲು ಹೇಳಿ. ತೋರಿಸಲು ಹಿಂದೆಮುಂದೆ ನೋಡಿದರೆ ಮುಂಗಡ ಕಳಿಸಬೇಡಿ.